ಫಿಲಡೆಲ್ಫಿಯಾದಲ್ಲಿ ಹೈದರ್: ಸಮ್ಮೇಳನದಲ್ಲಿ ನಾನು ಪೇಪರ್ ಓದಿದ ಅನುಭವ

1782ರ ಏಪ್ರಿಲ್ 8. ಅಮೆರಿಕ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಮೇಲೆ ಯುದ್ಧ ಮಾಡುತ್ತಿದ್ದ ಕಾಲ. ಅಲ್ಲಿನ ಡೆಲವೇರ್ ಕೊಲ್ಲಿಯಲ್ಲಿ ಒಂದು ಸಣ್ಣ ಅಮೆರಿಕನ್ ಹಡಗು ತನಗಿಂತ ಜಾಸ್ತಿ ಫಿರಂಗಿಗಳಿದ್ದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಕಾದಾಟ ಅರ್ಧ ಗಂಟೆಯೂ ನಡೆಯಲಿಲ್ಲ. ಸೋತ ಹಡಗು ಜನರಲ್ ಮಂಕ್. ಗೆದ್ದ ಹಡಗಿನ ಹೆಸರು ಹೈದರ್ ಅಲಿ. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರನ ಹೆಸರೇ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತೇನೆ. ಆರಂಭಕಾಲದ ಅಮೆರಿಕನ್ ಸಾಹಿತ್ಯ ನಮ್ಮಲ್ಲಿ ಒಂದೇ ಯೂನಿಟ್. ಆನ್ ಬ್ರಾಡ್‌ಸ್ಟ್ರೀಟ್, ಫ್ರಾಂಕ್ಲಿನ್, ಫಿಲಿಸ್ ವೀಟ್ಲಿ, ಮುಗಿಯಿತು. ಹೀಗೇ ಪಾಠಕ್ಕೆ ತಯಾರಾಗುವಾಗ ಫಿಲಿಪ್ ಫ್ರೆನೋ ಎಂಬ ಕವಿ ಸಿಕ್ಕ. ಈ ಹಡಗಿಗೆ ನಾವಿಕರನ್ನು ಕರೆಯುವ ಹಾಡು ಬರೆದವನು ಅವನು. ಹಡಗಿಗೆ ಪೂರ್ವದೇಶದ ಒಬ್ಬ ದೊರೆಯ ಹೆಸರಿದೆ, ಅವನು ಬ್ರಿಟಿಷರಿಗೆ ಅವಮಾನ ಮಾಡಿ ತನ್ನ ನಾಡಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡ ಎಂದು ಅದರಲ್ಲಿ ಬರುತ್ತದೆ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಹೈದರನ ಸೈನ್ಯದೆದುರು ಸೋತ ಸುದ್ದಿ ಸಮುದ್ರ ದಾಟಿ ಅಲ್ಲಿಯವರೆಗೂ ಹೋಗಿತ್ತಲ್ವಾ!

ಇದರ ಮೇಲೆ ಒಂದು ಸಂಶೋಧನಾ ಪೇಪರ್ ಬರೆಯಬೇಕು ಅಂತ ಆಗಲೇ ಅನ್ನಿಸಿತು. ಆದರೆ ಮೊದಲ ಸಲ ಒಂದು ಸಮ್ಮೇಳನಕ್ಕೆ ಕಳಿಸಿದ ಸಾರಾಂಶ ತಿರಸ್ಕಾರವಾಯಿತು. ಅದು ನ್ಯಾಯವೇ. ‘ಅಮೆರಿಕದ ಕ್ರಾಂತಿ ಮತ್ತು ಮೈಸೂರು’ ಅಂತ ಬರೆದಿದ್ದೆ. ಅದು ಹತ್ತು ವರ್ಷದ ಕೆಲಸ. ಇಪ್ಪತ್ತು ನಿಮಿಷದಲ್ಲಿ ಯಾರೂ ಹೇಳಲಾರರು. ಎರಡನೇ ಸಲ ಒಂದೇ ಹಡಗು, ಒಂದೇ ಹಾಡು ಅಂತ ಕಟ್ಟಿಕೊಂಡೆ. ಬೇರೊಂದು ಸಮ್ಮೇಳನಕ್ಕೆ ಕಳಿಸಿದೆ. ಒಪ್ಪಿಕೊಂಡರು.

ಸಾಮಗ್ರಿ ಹುಡುಕಿದ್ದು ಹೇಗೆ ಅಂತ ವಿದ್ಯಾರ್ಥಿಗಳು ಈಗಲೂ ಕೇಳುತ್ತಾರೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಕಾಲದ ಪುಸ್ತಕ, ಪತ್ರಿಕೆಗಳು ಈಗ ಬೇಕಾದಷ್ಟು ಡಿಜಿಟಲ್ ರೂಪದಲ್ಲಿವೆ. ನಾನು ಇವತ್ತಿನ ಸ್ಪೆಲಿಂಗ್‌ನಲ್ಲಿ ‘ಹೈದರ್ ಅಲಿ’ ಅಂತ ಹಾಕಿದೆ. ಹೆಚ್ಚೇನೂ ಬರಲಿಲ್ಲ. ಆ ಕಾಲದವರು ‘ಅಲಿ’ಗೆ ಎರಡು ಎಲ್, ಕೊನೆಗೆ ವೈ ಹಾಕುತ್ತಿದ್ದರು. ಹಾಗೆ ಹಾಕಿದ ಮೇಲೆ ಹಡಗೂ ಸಿಕ್ಕಿತು, ದೊರೆಯೂ ಸಿಕ್ಕಿದ. ‘ಮೈಸೂರ್’ ಮಾತ್ರ ಸಿಗಲೇ ಇಲ್ಲ. ಎರಡು ದಿನ ಆದಮೇಲೆ ಕಾರಣ ಹೊಳೆಯಿತು. ಆಗಿನ ಅಚ್ಚಿನಲ್ಲಿ ಪದದ ನಡುವೆ ಬರುವ ಎಸ್ ಅಕ್ಷರ ಉದ್ದಕ್ಕೆ, ಹೆಚ್ಚುಕಡಿಮೆ ಎಫ್ ಥರ ಇರುತ್ತದೆ. ಕಂಪ್ಯೂಟರ್ ಅದನ್ನು ಎಫ್ ಅಂತಲೇ ಓದಿಕೊಂಡಿದೆ. ‘ಮೈಫೋರ್’ ಅಂತ ಹುಡುಕಿದೆ. ನಮ್ಮೂರು ಸಾಲುಸಾಲಾಗಿ ಬಂತು.

ಪೇಪರಿನ ಜೀವ ಒಂದು ಪದದಲ್ಲಿ ಸಿಕ್ಕಿತು. ಕಂಪನಿಯ ಇಂಗ್ಲಿಷರು ಹೈದರನ ಬಗ್ಗೆ ಬರೆಯುವಾಗ ಹಲವು ಸಲ ‘ರಾಜ್ಯ ಕಬಳಿಸಿದವನು’ ಎನ್ನುತ್ತಿದ್ದರು. 1761ರಲ್ಲಿ ಒಡೆಯರನ್ನು ಹೆಸರಿಗೆ ಮಾತ್ರ ಉಳಿಸಿ ಅಧಿಕಾರ ಹಿಡಿದವನು ಎಂಬ ಅರ್ಥದಲ್ಲಿ. ಫ್ರೆನೋ ಅದೇ ಪದವನ್ನು ತಿರುಗಿಸಿ ಬ್ರಿಟಿಷರ ಮೇಲೆ ಹಾಕುತ್ತಾನೆ. ಅವನ ಹಾಡಿನಲ್ಲಿ ಕಬಳಿಸುವವರು ಅವರು, ಸ್ವಾತಂತ್ರ್ಯದ ಕಿಚ್ಚು ಹೊತ್ತವನು ಹೈದರ್. ಇದನ್ನೇ ನಡುವೆ ಇಟ್ಟುಕೊಂಡು ಬರೆದೆ. ಆದರೆ ಹಾಡಿನ ಹೈದರನೇ ನಮ್ಮ ಹೈದರ್ ಅಂತ ನಾನು ಹೇಳಲಿಲ್ಲ. ಅಲ್ಲಿನವರಿಗೆ ಬೇಕಿದ್ದದ್ದು ಶತ್ರುವಿನ ಶತ್ರು. ಕನ್ನಡನಾಡಿನಲ್ಲಿ ಹೈದರನ ನೆನಪು ಅಷ್ಟು ಸರಳವಲ್ಲ. ಅದನ್ನೂ ಒಂದು ಪ್ಯಾರಾದಲ್ಲಿ ಹೇಳಿದೆ.

ಓದುವ ಅಭ್ಯಾಸ ಮನೆಯಲ್ಲೇ ನಡೆಯಿತು. ಸಾಲು ಬಿಟ್ಟು ಟೈಪ್ ಮಾಡಿದ ಒಂದು ಪುಟಕ್ಕೆ ಸುಮಾರು ಎರಡು ನಿಮಿಷ ಬೇಕು. ನನ್ನದು ಹನ್ನೊಂದು ಪುಟ ಆಗಿತ್ತು. ನಿವೃತ್ತ ಮೇಷ್ಟ್ರಾದ ಅಪ್ಪ ಎದುರಿಗೆ ಕೂತು ಪೂರ್ತಿ ಕೇಳಿದರು. “ಪುಟ್ಟಿ, ಉಸಿರು ತಗೊಳ್ಳೋಕೆ ಜಾಗನೇ ಬಿಟ್ಟಿಲ್ವಲ್ಲ” ಅಂದರು. ಮಾರನೆಯ ದಿನ ಮೂರು ಪುಟ ಕಿತ್ತುಹಾಕಿದೆ. ಉದ್ದ ವಾಕ್ಯಗಳನ್ನು ಮುರಿದೆ. ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಗೆರೆ ಎಳೆದೆ. ವೀಸಾ, ಟಿಕೆಟ್ ಕೆಲಸ ನಾಲ್ಕು ತಿಂಗಳು ಮೊದಲೇ ಶುರುಮಾಡಿದ್ದು ಒಳ್ಳೆಯದಾಯಿತು.

ಸಮ್ಮೇಳನ ಫಿಲಡೆಲ್ಫಿಯಾದಲ್ಲಿತ್ತು. ಈ ವಿಷಯದ ಸಮ್ಮೇಳನಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು, ಸಾಹಿತ್ಯದವರೂ ಇತಿಹಾಸದವರೂ ಒಂದೇ ಕೋಣೆಯಲ್ಲಿ ಕೂರುವುದು. ಸಾಹಿತ್ಯದವರು ‘ಈ ಪದ ಇಲ್ಲಿ ಏನು ಮಾಡುತ್ತಿದೆ’ ಅಂತ ಕೇಳುತ್ತಾರೆ. ಇತಿಹಾಸದವರು ‘ನಿಮಗೆ ಇದು ಹೇಗೆ ಗೊತ್ತು’ ಅಂತ ಕೇಳುತ್ತಾರೆ. ಎರಡನೇ ಪ್ರಶ್ನೆಗೆ ತಯಾರಾಗಿ ಹೋಗಿ. ನನಗೂ ಅದೇ ಬಂತು. “ಹಡಗಿನಲ್ಲಿದ್ದ ನಾವಿಕರಿಗೆ ಹೈದರ್ ಯಾರು ಅಂತ ಗೊತ್ತಿತ್ತಾ?” ಲಂಡನ್ ಪತ್ರಿಕೆಗಳ ಸುದ್ದಿಯನ್ನು ಅಮೆರಿಕದ ಪತ್ರಿಕೆಗಳು ಮತ್ತೆ ಅಚ್ಚು ಹಾಕುತ್ತಿದ್ದವು, ಹಾಡು ಕೇಳಿದವರಿಗೆ ಒಂದು ಹೆಸರು, ಒಂದು ಸಿಟ್ಟು ತಲುಪಿರಬಹುದು, ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ದಾಖಲೆ ಇಲ್ಲ ಅಂದೆ. ಕೇಳಿದವರು ತಲೆಯಾಡಿಸಿ ಬರೆದುಕೊಂಡರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರೆ ಅಲ್ಲಿ ಮರ್ಯಾದೆ ಹೋಗುವುದಿಲ್ಲ. ಆಮೇಲೆ ಕಾಫಿ ಹೊತ್ತಿನಲ್ಲಿ ಅವರೇ ಬಂದು ಯಾವ ಪತ್ರಿಕೆಗಳನ್ನು ನೋಡಬೇಕು ಅಂತ ಪಟ್ಟಿ ಮಾಡಿಕೊಟ್ಟರು. ಮೂರು ದಿನದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಆ ಹತ್ತು ನಿಮಿಷ.

ನಿಮ್ಮಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ಸೊಸೈಟಿ ಆಫ್ ಅರ್ಲಿ ಅಮೆರಿಕನಿಸ್ಟ್ಸ್ ಮತ್ತು ವಿಲಿಯಮ್ಸ್‌ಬರ್ಗ್‌ನ ಒಮೊಹಂಡ್ರೊ ಇನ್‌ಸ್ಟಿಟ್ಯೂಟ್ ಎಂಬ, ಆರಂಭಕಾಲದ ಅಮೆರಿಕವನ್ನು ಅಧ್ಯಯನ ಮಾಡುವ ಸಂಸ್ಥೆಗಳ ಸಮ್ಮೇಳನದ ಪ್ರಕಟಣೆಗಳ ಮೇಲೆ ಕಣ್ಣಿಡಿ. ಮೈಸೂರಿನ ಇಂಗ್ಲಿಷ್ ಮೇಷ್ಟ್ರಿಗೆ ಅಲ್ಲೇನು ಕೆಲಸ ಅಂತ ಸುಮ್ನೆ ಹಿಂಜರಿಯಬೇಡಿ. ಹೈದರನ ಮೇಲೆ ಈ ಕಡೆಯಿಂದ ಬೆಳಕು ಹಾಕುವವರು ಆ ಕೋಣೆಗೆ ಬೇಕಾಗಿದ್ದರು.

ಕೊನೆಯ ದಿನ ಲೈಬ್ರರಿ ಕಂಪನಿಗೆ ಹೋದೆ. 1731ರಲ್ಲಿ ಫ್ರಾಂಕ್ಲಿನ್ ಮತ್ತು ಗೆಳೆಯರು ಶುರುಮಾಡಿದ ಗ್ರಂಥಾಲಯ. ಓದುವ ಕೋಣೆಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಫ್ರೆನೋನ ಹಳೆಯ ಮುದ್ರಣವನ್ನು ಮೆತ್ತನೆಯ ಆಧಾರದ ಮೇಲೆ ಇಟ್ಟುಕೊಟ್ಟರು. ಬಟ್ಟೆಯಿಂದ ಮಾಡಿದ ಕಾಗದ, ಬೆರಳಿಗೆ ಒರಟಾಗಿ ಹತ್ತುತ್ತದೆ. ಸ್ಕ್ರೀನಿನಲ್ಲಿ ಎಫ್ ಅಂತ ಕಂಡಿದ್ದ ಆ ಉದ್ದನೆಯ ಅಕ್ಷರವನ್ನು ಬಗ್ಗಿ ನೋಡಿದೆ. ಅಡ್ಡಗೆರೆ ಪೂರ್ತಿ ಇಲ್ಲ, ಎಡಕ್ಕೆ ಮಾತ್ರ ಚಿಕ್ಕದೊಂದು ಮೊಳಕೆ.