ರೋಡಿನ ಆಚೆ ಹಾಸ್ಟೆಲ್‌ಗೆ ನೆಟ್ ಕೊಟ್ಟಿದ್ದು: 5 ಗಿಗಾಹರ್ಟ್ಸಾ, 60 ಗಿಗಾಹರ್ಟ್ಸಾ?

ತೀರ್ಥಹಳ್ಳಿ ಕಡೆ ಒಂದು ಸ್ಕೂಲು. ಫೈಬರ್ ಕನೆಕ್ಷನ್ ಇರೋದು ಆಫೀಸ್ ಬಿಲ್ಡಿಂಗಲ್ಲಿ, ಹಾಸ್ಟೆಲ್ ಇರೋದು ರೋಡಿನ ಆಚೆ, ಹೆಚ್ಚುಕಮ್ಮಿ 200 ಮೀಟರ್. ಮಾಮೂಲಿ ಲ್ಯಾನ್ ಕೇಬಲ್ 100 ಮೀಟರಿಗೇ ಸುಸ್ತು, ಫೈಬರ್ ಎಳೆಯೋಣ ಅಂದ್ರೆ ರೋಡ್ ಅಗೆಯೋಕೆ ಪರ್ಮಿಷನ್ ಬೇಕು, ಮೇಲಿಂದ ತಗೊಂಡ್ರೆ ಮಳೆಗಾಲದಲ್ಲಿ ಯಾವ ಕೊಂಬೆ ಯಾವಾಗ ಬೀಳತ್ತೋ ಹೇಳಕ್ಕಾಗಲ್ಲ. ಹಂಗಾಗಿ ವೈರ್‌ಲೆಸ್ಸೇ ಅಂತ ಆಯ್ತು, ಅಂದ್ರೆ ಎರಡೂ ಕಡೆ ಒಂದೊಂದು ರೇಡಿಯೋ ಪೆಟ್ಟಿಗೆ ಎದುರುಬದುರು ಕೂರ್ಸೋದು.

ಮುಂದಿದ್ದ ಆಯ್ಕೆ ಎರಡು ರೇಡಿಯೋ ಬ್ಯಾಂಡ್ (ಫ್ರೀಕ್ವೆನ್ಸಿ), 5 ಮತ್ತು 60 ಗಿಗಾಹರ್ಟ್ಸ್; ಮೊದ್ಲು ಆಸೆ ಆಗಿದ್ದು 60ರ ಮೇಲೆ. ಮೈಕ್ರೋಟಿಕ್ ಕಂಪನಿಯವರ ವೈರ್‌ಲೆಸ್ ವೈರ್ ಅನ್ನೋ ರೇಡಿಯೋ ಜೋಡಿ 200 ಮೀಟರ್‌ವರೆಗೆ 1 ಗಿಗಾಬಿಟ್ ಅಂತಾರೆ. ಕೇಳಿದವರೆಲ್ಲ "ಮಲೆನಾಡ ಮಳೆಗೆ ಅದು ನಿಲ್ಲಲ್ಲ ಮಾರಾಯಾ" ಅಂದ್ರು, ಆದ್ರೆ ಲೆಕ್ಕ ಹಾಕಿದ್ರೆ ಅಷ್ಟೇನಿಲ್ಲ. ಆ ಬ್ಯಾಂಡಲ್ಲಿ ಗಾಳೀಲಿರೋ ಆಕ್ಸಿಜನ್ನೇ ಕಿಲೋಮೀಟರಿಗೆ ಸುಮಾರು 15 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಏರಿತು-ಇಳಿತು ಅನ್ನೋ ಅಳತೆ) ತಿನ್ನತ್ತೆ, ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಸುರಿಯೋ ಮಳೆ ಇನ್ನೊಂದು 17ರ ಆಸುಪಾಸು, ನಮ್ಮ 200 ಮೀಟರಿಗೆ ಎರಡೂ ಸೇರಿ 6-7 ಡಿಬಿ. ಚಿಕ್ಕ ಪೆಟ್ಟಿಗೆಗೆ ಕಷ್ಟ ಇರಬಹುದು, ಡಿಶ್ ಇರೋ ಮಾಡೆಲ್‌ಗೆ ಏನೂ ಅಲ್ಲ. ನಾನು ಅದನ್ನ ಬಿಟ್ಟಿದ್ದು ಲೈಸೆನ್ಸ್ ಕಾರಣಕ್ಕೆ. ನಮ್ಮಲ್ಲಿ 5 ಗಿಗಾಹರ್ಟ್ಸ್ 2018ರಲ್ಲೇ ಲೈಸೆನ್ಸ್ ಬೇಡ ಅಂತ ಬಿಟ್ಟಾಗಿದೆ, 60 ನಾವು ಹಾಕ್ಸೋ ಹೊತ್ತಿಗೂ ಬಿಟ್ಟಿರಲಿಲ್ಲ, ಸ್ಕೂಲಿನ ಹೆಸರಲ್ಲಿ ಆ ರಿಸ್ಕ್ ಯಾಕೆ.

5ರಲ್ಲಿ ನೋಡ್ಬೇಕಾದ್ದು ಡಬ್ಬದ ಮೇಲಿನ ನಂಬರ್ ಅಲ್ಲ, ಹಿಂದಿರೋ ಪೋರ್ಟು. ಟಿಪಿ-ಲಿಂಕ್ ಸಿಪಿಇ510 ಮೇಲೆ 300 ಎಂಬಿಪಿಎಸ್ ಅಂತಿರತ್ತೆ, ಪೋರ್ಟ್ ಮಾತ್ರ 100ರದ್ದು, ಗಾಳೀಲಿ ಎಷ್ಟೇ ಓಡಿದ್ರೂ ಕೇಬಲ್ಲಲ್ಲಿ ಅಷ್ಟೇ ಇಳಿಯೋದು. ಅದಕ್ಕೇ ಗಿಗಾಬಿಟ್ ಪೋರ್ಟಿರೋ ಯುಬಿಕ್ವಿಟಿ ನ್ಯಾನೋಸ್ಟೇಷನ್ 5ಎಸಿ ಲೋಕೋ ಜೋಡಿ ತಗೊಂಡೆ. ಅಂಗಡಿಯವರು ದೊಡ್ಡ 23 ಡಿಬಿಐ (ಆಂಟೆನಾ ಸಿಗ್ನಲ್ಲನ್ನ ಒಂದೇ ಕಡೆಗೆ ಎಷ್ಟು ಒತ್ತತ್ತೆ ಅನ್ನೋ ಅಳತೆ) ಡಿಶ್ ಹಾಕ್ಸಿ ಸಾರ್ ಅಂತಿದ್ರು, ಇಷ್ಟು ಹತ್ರಕ್ಕೆ ಅದು ಕಿವಿ ಹತ್ರ ಮೈಕ್ ಹಿಡಿದು ಕೂಗಿದಂಗೆ. ಲೋಕೋದ 13 ಡಿಬಿಐಗೇ ಸಿಗ್ನಲ್ ಮೈನಸ್ 50 ಡಿಬಿಎಂ ಆಸುಪಾಸು ಬರತ್ತೆ (ಸೊನ್ನೆಗೆ ಹತ್ರ ಆದಷ್ಟೂ ಜೋರು), ಸಾಕು.

80 ಮೆಗಾಹರ್ಟ್ಸ್ ಅಗಲದ ಚಾನೆಲ್ ಇಟ್ರೆ ಲಿಂಕ್ ರೇಟ್ (ಗಾಳೀಲಿ ಓಡೋ ಸ್ಪೀಡು) 866 ಎಂಬಿಪಿಎಸ್ ತೋರ್ಸತ್ತೆ. ಐಪರ್ಫ್ (ಸ್ಪೀಡ್ ಅಳೆಯೋ ಸಾಫ್ಟ್‌ವೇರ್) ಹಾಕಿದ್ರೆ ಕೈಗೆ ಸಿಗೋದು ಅರ್ಧ, ನಮಗೆ 400 ಮೇಲೆ ಬಂತು, ಸ್ಕೂಲಿನ ಪ್ಲಾನೇ 200ರದ್ದು, ಇನ್ನೇನು ಬೇಕು. ಪೇಟೆ ಮಧ್ಯ ಆಗಿದ್ರೆ ಅಷ್ಟು ಅಗಲದ ಖಾಲಿ ಚಾನೆಲ್ ಸಿಗೋದು ಕಷ್ಟ, 40ಕ್ಕೆ ಇಳಿಸ್ಬೇಕಾಗತ್ತೆ.

ಮಧ್ಯ ತೆಂಗಿನ ಮರ ಇತ್ತು. ಕಣ್ಣಿಗೆ ಆಚೆ ಕಂಡ್ರೆ ಸಾಲಲ್ಲ, ರೇಡಿಯೋ ಅಲೆ ಅಗಲ ಹರಡ್ಕೊಂಡು ಹೋಗೋದ್ರಿಂದ, ಈ ದೂರಕ್ಕೆ ನಡುವಲ್ಲಿ ಎರಡು ರೇಡಿಯೋ ಸೇರ್ಸೋ ನೇರ ಗೆರೆಯ ಸುತ್ತ ಒಂದೂಮುಕ್ಕಾಲು ಮೀಟರ್ ಖಾಲಿ ಬೇಕು, ಒದ್ದೆ ಗರಿ ಅಂತೂ ಸಿಗ್ನಲ್ ನುಂಗಿ ಹಾಕತ್ತೆ. ಗರಿ ಕಡಿಸೋ ಬದ್ಲು ಪೈಪ್ ಕಂಬ ಎತ್ತರ ಮಾಡಿದ್ವಿ.

ದುಡ್ಡು ಉಳಿಸಬಾರದ ಜಾಗ ಸಿಡಿಲು. ಶೀಲ್ಡ್ ಇರೋ ಔಟ್‌ಡೋರ್ ಕೇಬಲ್, ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ನುಗ್ಗೋ ವೋಲ್ಟೇಜ್ ತಡೆಯೋ ಡಬ್ಬಿ), ಕಂಬಕ್ಕೆ ಸರಿಯಾದ ಅರ್ಥಿಂಗ್, ಇವೆಲ್ಲ ಸೇರಿ ರೇಡಿಯೋದಷ್ಟೇ ಖರ್ಚಾಯ್ತು. ಅಷ್ಟಾದ್ರೂ ಏಪ್ರಿಲ್-ಮೇ ಸಂಜೆ ಗುಡುಗು ಶುರುವಾಗೋ ಮೊದ್ಲೇ ಪಿಒಇ ಅಡಾಪ್ಟರ್ (ಲ್ಯಾನ್ ವೈರಲ್ಲೇ ರೇಡಿಯೋಗೆ ಕರೆಂಟ್ ಕೊಡೋದು) ಪ್ಲಗ್ ಕಿತ್ತು, ಲ್ಯಾನ್ ವೈರನ್ನೂ ಸ್ವಿಚ್ಚಿಂದ ಬಿಡಿಸಿಡಿ ಅಂತ ವಾರ್ಡನ್‌ಗೆ ಹೇಳಿಟ್ಟಿದೀನಿ.