ಟ್ಯೂಡರ್ ಕಾಲದ ಮಿಸ್ಟರಿ ಕಾದಂಬರೀನ ಫ್ರೆಂಡ್ಸ್ ಜೊತೆ ಓದೋದು ಹೇಗೆ

ಮೊದಲು ಕಥೆ ಯಾವ ವರ್ಷದಲ್ಲಿ ನಡೆಯುತ್ತೆ ಅಂತ ಎಲ್ಲರೂ ನೋಡ್ಕೊಳ್ಳಿ. ಟ್ಯೂಡರ್ ಅಂದ್ರೆ ಇಂಗ್ಲೆಂಡನ್ನ 1485ರಿಂದ 1603ರವರೆಗೆ ಆಳಿದ ರಾಜಮನೆತನ, ಅದರಲ್ಲೂ ಎಂಟನೇ ಹೆನ್ರಿ ಕಾಲದಲ್ಲಿ ಎರಡೇ ವರ್ಷಕ್ಕೆ ಎಲ್ಲಾ ತಲೆಕೆಳಗಾಗ್ತಿತ್ತು, 1534ರಲ್ಲಿ ರಾಜನೇ ಇಂಗ್ಲೆಂಡ್ ಚರ್ಚ್‌ಗೆ ಮುಖ್ಯಸ್ಥ ಆದ, 1536ರಿಂದ 1540ರೊಳಗೆ ಕ್ರೈಸ್ತ ಮಠಗಳನ್ನ ಮುಚ್ಚಿಸಿದ್ರು, ಮುಂದೆ ನಿಂತು ಅದನ್ನ ಮಾಡಿಸಿದ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ತಲೇನೂ 1540ರಲ್ಲೇ ಹೋಯ್ತು. ಅದಕ್ಕೇ ಯಾವುದೋ ಪಾತ್ರ ಸುಳ್ಳು ಹೇಳ್ತು ಅಂತ ತಕ್ಷಣ ಅವನೇ ಕೊಲೆಗಾರ ಅನ್ಬೇಡಿ, ಒಂದು ತಪ್ಪು ಮಾತಿಗೇ ಜೀವ ಹೋಗ್ತಿದ್ದ ಕಾಲ ಅದು, ಭಯಕ್ಕೂ ಸುಳ್ಳು ಹೇಳಿರಬಹುದು. ನನಗಂತೂ ಈ ಥರ ಕಥೆಗಳಲ್ಲಿ ತುಂಬಾ ಇಷ್ಟ ಆಗೋದೇ ಇದು.

ಹೆಸರುಗಳಿಗೆ ಒಂದು ಪಟ್ಟಿ ಬೇಕೇ ಬೇಕು. ಹೆನ್ರಿ ಕಾಲದ ದೊಡ್ಡ ದೊಡ್ಡವರಾದ ಕ್ರಾಮ್‌ವೆಲ್, ಮೋರ್, ಕ್ರ್ಯಾನ್ಮರ್, ವುಲ್ಸಿ, ನಾಲ್ಕೂ ಜನ ಥಾಮಸ್‌ಗಳೇ! ಯಾರಾದ್ರೂ ಒಬ್ಬರು ಪಟ್ಟಿ ಬರ್ಕೊಂಡು ಗ್ರೂಪಲ್ಲಿ ಹಾಕಿ.

ವಾರಕ್ಕೆ ಇಷ್ಟು ಅಧ್ಯಾಯ ಅಂತ ಮೊದಲೇ ಮಾತಾಡ್ಕೊಳ್ಳಿ, ಮುಂದೆ ಓದಿದವರು ದಯವಿಟ್ಟು ಬಾಯಿ ಬಿಡಬೇಡಿ. ಅರ್ಧ ಪುಸ್ತಕ ಆದ್ಮೇಲೆ ಎಲ್ಲರೂ ತಮ್ಮ ಅನುಮಾನ ಯಾರ ಮೇಲೆ, ಯಾಕೆ ಅಂತ ಚೀಟೀಲಿ ಬರೆದು ಮಡಚಿಡಿ, ಕೊನೇಲಿ ತೆಗೆದು ಓದೋದು ಸಖತ್ ಮಜಾ. ಆಗ ಈಗಿನ ಥರ ಪೊಲೀಸ್ ಇರ್ಲಿಲ್ಲ, ಬೆರಳಚ್ಚೂ ಇಲ್ಲ, ಸಂಶಯದ ಸಾವಾದ್ರೆ ಕೊರೋನರ್ (ಸಾವಿನ ಕಾರಣ ವಿಚಾರಿಸೋ ಅಧಿಕಾರಿ) ಬಂದು ಜ್ಯೂರಿ ಕೂರಿಸಿ ವಿಚಾರಣೆ ಮಾಡ್ತಿದ್ದ, ಸುಳಿವು ಹುಡುಕುವಾಗ ಇದು ನೆನಪಿರಲಿ.