ರೇಷ್ಮೆ ಕೆಲಸದ ನಡುವೆ ಸತ್ಯವೇದವನ್ನು ಓದುವ ಬಗೆ

ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಚೀಟಿ, ಅಂದರೆ ಸತ್ಯವೇದದ (ಬೈಬಲಿನ) ಒಂದು ವಚನ ಬರೆದ ಚೀಟಿ, ಎತ್ತುವುದು ನಮ್ಮ ಅನೇಕ ಕ್ರೈಸ್ತ ಸಭೆಗಳಲ್ಲಿ ವಾಡಿಕೆ. ತಟ್ಟೆಯಲ್ಲಿ ಕೈಯಾಡಿಸಿ ತೆಗೆದ ವಚನವೇ ಆ ವರ್ಷಕ್ಕೆಲ್ಲ ಬುತ್ತಿ. ಅದನ್ನು ಗೋಡೆಗೆ ಅಂಟಿಸಿಕೊಳ್ಳಿ, ಬಾಯಿಪಾಠ ಮಾಡಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಆ ವಚನ ಯಾವ ಅಧ್ಯಾಯದ್ದೋ ಅದನ್ನು ತೆರೆದು ಮೊದಲಿನಿಂದ ಓದಿ. ಆತ್ಮಿಕವಾಗಿ ಬೆಳೆಯುವುದು ಹೇಗೆ ಎಂದು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಯೆರೆಮೀಯ 29ನೇ ಅಧ್ಯಾಯದ 11ನೇ ವಚನ ಎಲ್ಲರಿಗೂ ಪ್ರಿಯ. ದೇವರು ನಮ್ಮ ಹಿತವನ್ನೇ ಯೋಚಿಸುತ್ತಾನೆ, ಮುಂದೆ ಒಳ್ಳೆಯ ಗತಿ ಕಾಣಿಸುತ್ತಾನೆ ಎಂಬ ಮಾತು ಅದು. ಅಧ್ಯಾಯವನ್ನು ಪೂರ್ತಿ ಓದಿದರೆ, ಅದು ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದ ಜನರಿಗೆ ಪ್ರವಾದಿ ಕಳುಹಿಸಿದ ಪತ್ರ ಎಂದು ತಿಳಿಯುತ್ತದೆ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ನೀವು ಸೆರೆಯಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ ಯೆರೆಮೀಯ. 10ನೇ ವಚನದಲ್ಲಿ ಊರಿಗೆ ಮರಳಲು ಕಾಯಬೇಕಾದ ಅವಧಿಯೂ ಇದೆ: 70 ವರ್ಷ. ಅಂದರೆ ಪತ್ರವನ್ನು ಕೇಳಿಸಿಕೊಂಡ ಹಿರಿಯರು ಆ ದಿನವನ್ನು ಕಾಣುವಂತಿರಲಿಲ್ಲ. ಇಷ್ಟು ತಿಳಿದ ಮೇಲೆ 11ನೇ ವಚನಕ್ಕೆ ತೂಕ ಬರುತ್ತದೆ. ಬೆಳೆ ಕೈಕೊಟ್ಟ ವರ್ಷವೂ ಅದನ್ನು ಹಿಡಿದು ನಿಲ್ಲಬಹುದು.

ನಾವು ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು. ವಾರಕ್ಕೊಂದು ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಬರುವ ಹೆಂಗಸರಲ್ಲಿ ಹೆಚ್ಚಿನವರ ಮಾತು ಒಂದೇ: "ಅಕ್ಕಾ, ಓದಬೇಕೆಂಬ ಆಸೆ ಇದೆ, ಹೊತ್ತೆಲ್ಲಿದೆ?" ನಸುಕಿಗೇ ಎದ್ದು ಒಂದು ಗಂಟೆ ಕುಳಿತುಕೊಳ್ಳಿ ಎಂದು ಬೋಧಕರು ಹೇಳುತ್ತಾರೆ. ಆಗುವವರು ಹಾಗೇ ಮಾಡಲಿ. ಕರ್ತನಾದ ಯೇಸುವೂ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ತನ್ನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಬರೆದಿದ್ದಾನೆ. ಆದರೆ ಹುಳು ಮೇಯಿಸುವವರಿಗೆ ಎಲ್ಲ ದಿನಗಳೂ ಒಂದೇ ಅಲ್ಲ. ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳುಗಳನ್ನು ತಂದ ಮೇಲೆ ಬೆಳಿಗ್ಗೆ, ಸಂಜೆ ಹಿಪ್ಪುನೇರಳೆ ಸೊಪ್ಪು ಕೊಡಲೇಬೇಕು. ಮೂರನೇ ಮತ್ತು ನಾಲ್ಕನೇ ಜ್ವರಕ್ಕೆ ಹುಳು ಕುಳಿತಾಗ ಸುಮಾರು ಒಂದು ದಿನ ಸೊಪ್ಪು ನಿಲ್ಲಿಸುತ್ತೇವೆ. ಆ ದಿನವನ್ನು ದೊಡ್ಡ ಓದಿಗೆ ಇಟ್ಟುಕೊಳ್ಳಿ. ಫಿಲಿಪ್ಪಿಯವರಿಗೆ ಬರೆದ ಪತ್ರಕ್ಕೆ ನಾಲ್ಕೇ ಅಧ್ಯಾಯ. ಎದ್ದೇಳದೆ ಓದಿ ಮುಗಿಸಬಹುದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಒಂದು ವಾರ ಮನೆಯವರಿಗೆಲ್ಲ ಪುರುಸೊತ್ತಿಲ್ಲ. ಆಗ ಸತ್ಯವೇದದ ಕೀರ್ತನೆಗಳ ಗ್ರಂಥದಿಂದ ದಿನಕ್ಕೊಂದು ಕೀರ್ತನೆ ಸಾಕು. ರೆಂಬೆ ಕತ್ತರಿಸುತ್ತಾ ಮೊಬೈಲಿನಲ್ಲಿ ಸತ್ಯವೇದವನ್ನು ಕೇಳಿಸಿಕೊಂಡರೂ ಆಗುತ್ತದೆ. ಡೈರಿಗೆ ಹಾಲು ಹಾಕುವವರು, ಗಾರ್ಮೆಂಟ್ಸ್ ಬಸ್ ಹಿಡಿಯುವವರು ತಮ್ಮ ಕೆಲಸದ ಬಿಡುವನ್ನು ಹೀಗೆಯೇ ಗುರುತಿಸಿಕೊಳ್ಳಲಿ.

ಎಲ್ಲಿಂದ ಶುರು ಮಾಡಬೇಕು? ಮಾರ್ಕನ ಸುವಾರ್ತೆಯಿಂದ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಅದೇ, 16 ಅಧ್ಯಾಯ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳ ಸತ್ಯವೇದದಲ್ಲಿ 66 ಗ್ರಂಥಗಳು, ಕಥೋಲಿಕರ ಬೈಬಲಿನಲ್ಲಿ 73. ವರ್ಷದೊಳಗೆ ಎಲ್ಲವನ್ನೂ ಮುಗಿಸುತ್ತೇನೆಂದು ಜನವರಿ 1ಕ್ಕೆ ಮೊದಲ ಗ್ರಂಥವಾದ ಆದಿಕಾಂಡ ಹಿಡಿದವರು ಎಷ್ಟೋ ಮಂದಿ ಮೂರನೆಯದಾದ ಯಾಜಕಕಾಂಡದ ಯಜ್ಞವಿಧಿಗಳು ಬರುವಷ್ಟರಲ್ಲಿ ಪುಸ್ತಕ ಮುಚ್ಚಿಬಿಡುತ್ತಾರೆ. ಮೊದಲ ಓದಿಗೆ ಆತುರ ಬೇಡ. ಹಳೆಯ ಭಾಷಾಂತರದ ಕನ್ನಡ ತೊಡಕೆನಿಸಿದರೆ ಸರಳ ಭಾಷೆಯ ಹೊಸದೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ನೂರು ಪುಟದ ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಎಡಗಡೆಯ ಪುಟದಲ್ಲಿ ಓದಿದ ಭಾಗದ ಐದಾರು ವಚನಗಳನ್ನು ನಿಮ್ಮ ಕೈಯಾರೆ ನೋಡಿ ಬರೆಯಿರಿ. ಇದನ್ನು ಮಾತ್ರ ತಪ್ಪಿಸಬೇಡಿ. ಕಣ್ಣು ಹಾರಿಸಿಕೊಂಡು ಹೋದದ್ದನ್ನು ಕೈ ನಿಲ್ಲಿಸಿ ತೋರಿಸುತ್ತದೆ. ಬಲಗಡೆಯ ಪುಟ ನಿಮ್ಮ ಪ್ರಶ್ನೆಗೆ, ಪ್ರಾರ್ಥನೆಗೆ.

ಮಾರ್ಕ 5ನೇ ಅಧ್ಯಾಯವನ್ನೇ ನೋಡಿ. ಸಭಾಮಂದಿರದ ಅಧಿಕಾರಿ ಯಾಯೀರನು ಯೇಸುವಿನ ಪಾದಕ್ಕೆ ಬಿದ್ದು, ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಬಾ ಎಂದು ಬೇಡಿಕೊಳ್ಳುತ್ತಾನೆ. ಯೇಸು ಹೊರಡುತ್ತಾನೆ. ದಾರಿಯಲ್ಲಿ ಜನಸಂದಣಿ. ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ, ಕೈಯಲ್ಲಿದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು ಸೋತಿದ್ದ ಒಬ್ಬ ಹೆಂಗಸು ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ. ಯೇಸು ನಿಂತುಬಿಡುತ್ತಾನೆ. ಮುಟ್ಟಿದವರು ಯಾರು ಎಂದು ಸುತ್ತಲೂ ನೋಡುತ್ತಾನೆ, ಅವಳು ನಡೆದದ್ದನ್ನೆಲ್ಲ ಹೇಳುವ ತನಕ ಕೇಳಿಸಿಕೊಳ್ಳುತ್ತಾನೆ, "ಮಗಳೇ" ಎಂದು ಕರೆಯುತ್ತಾನೆ. ಅಷ್ಟು ಹೊತ್ತೂ ಯಾಯೀರನು ಪಕ್ಕದಲ್ಲೇ ಇದ್ದಾನೆ. ಆ ಮಾತು ಮುಗಿಯುವ ಮೊದಲೇ ಅವನ ಮನೆಯಿಂದ ಸುದ್ದಿ ಬರುತ್ತದೆ: ಮಗಳು ತೀರಿಕೊಂಡಳು. ಅವಳಿಗೆ ಹನ್ನೆರಡು ವರ್ಷ. ಆ ಹೆಂಗಸಿನ ಕಾಯಿಲೆಗೂ ಅಷ್ಟೇ ವಯಸ್ಸು.

ನಮ್ಮ ಕೂಟದಲ್ಲಿ ಇದನ್ನು ಓದಿದಾಗ ಅಕ್ಷರ ಬಾರದ ಅಜ್ಜಿಯೊಬ್ಬರು, "ಅಷ್ಟು ಹೊತ್ತು ಆ ಮಗುವಿನ ತಾಯಿ ಮನೆಯಲ್ಲಿ ಏನು ಮಾಡುತ್ತಿದ್ದಳು?" ಎಂದು ಕೇಳಿದರು. ತಾಯಿಯ ಮಾತು 40ನೇ ವಚನದಲ್ಲಿ ಒಂದೇ ಸಲ ಬರುತ್ತದೆ. ಅಲ್ಲಿಯ ತನಕ ನಮ್ಮಲ್ಲಿ ಯಾರೂ ಅವಳನ್ನು ಗಮನಿಸಿರಲಿಲ್ಲ. ಕೊನೆಯ ವಚನವನ್ನೂ ಅವರೇ ಹಿಡಿದರು: ಸತ್ತ ಮಗುವನ್ನು ಯೇಸು ಬದುಕಿಸಿ, ಅವಳು ಎದ್ದು ನಡೆದಾಡಿದ ಮೇಲೆ ಅವಳಿಗೆ ಊಟ ಕೊಡಿ ಎಂದು ಹೇಳುತ್ತಾನೆ. ಕಾಯಿಲೆ ಬಿದ್ದ ಮಕ್ಕಳನ್ನು ಸಾಕಿದವರಿಗೆ ಈ ಮಾತು ಎಲ್ಲಿ ತಾಕುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಹಾಗಾಗಿ ಒಬ್ಬರೇ ಓದುವುದರ ಜೊತೆಗೆ ನಾಲ್ಕು ಜನರೊಂದಿಗೂ ಓದಿ, ಓದು ಬಾರದವರನ್ನು ತಪ್ಪದೆ ಕರೆಯಿರಿ. ನಮ್ಮ ಕಡೆ ಅನೇಕರ ಮನೆಮಾತು ತೆಲುಗು. ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ತೆಲುಗಿನಲ್ಲಿ ಅದೇ ಭಾಗವನ್ನು ಓದುತ್ತಾರೆ. ಎಲ್ಲರಿಗೂ ಎರಡು ಸಲ ಕೇಳಿದಂತಾಗುತ್ತದೆ. ಬಗೆಹರಿಯದ ಪ್ರಶ್ನೆಯನ್ನು ಬರೆದಿಟ್ಟುಕೊಂಡು ಭಾನುವಾರ ಸಭೆಯ ಬೋಧಕರಾದ ಅಯ್ಯನವರನ್ನು ಕೇಳಿ.

ಪ್ರಾರ್ಥನೆ ಓದಿದ ಭಾಗದಿಂದಲೇ ಹೊರಡಲಿ. ಯಾಯೀರನನ್ನು ಓದಿದ ದಿನ ನನ್ನ ಪ್ರಾರ್ಥನೆ ಹೀಗಿರುತ್ತದೆ: "ಕರ್ತನೇ, ಪಕ್ಕದ ಮನೆಯ ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ. ನೀನು ದಾರಿಯಲ್ಲಿ ಯಾರಿಗಾಗಿಯೋ ನಿಂತಿರುವಂತೆ ನಮಗೆ ಅನ್ನಿಸುತ್ತಿದೆ. ಅವಳ ತಾಯಿಗೆ ಧೈರ್ಯ ಕೊಡು, ಬಾ." ದೊಡ್ಡ ಮಾತುಗಳು ಬೇಕಿಲ್ಲ. ಮಾತೇ ಹೊಳೆಯದಿದ್ದರೆ ಮತ್ತಾಯ 6ರಲ್ಲಿರುವ ಕರ್ತನ ಪ್ರಾರ್ಥನೆಯನ್ನು ತೆಗೆದುಕೊಂಡು ದಿನಕ್ಕೊಂದು ಬೇಡಿಕೆಯಲ್ಲಿ ನಿಲ್ಲಿ. ಅನುದಿನದ ಆಹಾರವನ್ನು ಬೇಡುವ ದಿನ ನಾನು ಸೊಪ್ಪು ಕೊಯ್ಯಲು ಕೂಲಿಗೆ ಬರುವವರ ಮನೆಗಳನ್ನು ಒಂದೊಂದಾಗಿ ನೆನೆಯುತ್ತೇನೆ. ಕ್ಷಮೆಯ ದಿನ ಕಷ್ಟದ್ದು. ಸೊಪ್ಪಿನ ದುಡ್ಡು ಬಾಕಿ ಉಳಿಸಿಕೊಂಡವನಿಗಾಗಿ, ಅವನ ಮಕ್ಕಳ ಓದಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿ. ನೀವೇ ಯಾರದಾದರೂ ಮನಸ್ಸು ನೋಯಿಸಿದ್ದರೆ ಮತ್ತಾಯ 5ರ 23, 24ನೇ ವಚನಗಳು ಹೇಳುವಂತೆ ಪ್ರಾರ್ಥನೆಯನ್ನು ಅಲ್ಲಿಗೇ ಬಿಟ್ಟು ಮೊದಲು ಅವರ ಮನೆಗೆ ಹೋಗಿ ಬನ್ನಿ.

ದೇವರು ಕೇಳುತ್ತಿಲ್ಲ ಎನ್ನಿಸುವ ದಿನಗಳು ಬರುತ್ತವೆ. ಆಗ 13ನೇ ಕೀರ್ತನೆಯನ್ನು ಓದಿ, ಆರೇ ವಚನ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ದಾವೀದನ ಕೀರ್ತನೆಯೇ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಅದೂ ದೇವರ ವಾಕ್ಯದಲ್ಲಿ ಸೇರಿದೆ. ದುಃಖದಲ್ಲಿರುವವರಿಗೆ ಸಂತೋಷದ ವಚನ ಕಳುಹಿಸುವ ಮೊದಲು ಅವರೊಂದಿಗೆ ಕುಳಿತು ಈ ಕೀರ್ತನೆಯನ್ನು ಓದಿ.

ಅನುದಿನ ಧ್ಯಾನದ ಪುಸ್ತಕಗಳಿಂದ ಉಪಯೋಗವಿದೆ, ಆದರೆ ಅವುಗಳ ಸರದಿ ಎರಡನೆಯದು. ಮೊದಲು ವಾಕ್ಯಭಾಗ, ನಿಮ್ಮ ನೋಟ್ ಪುಸ್ತಕ, ಆಮೇಲೆ ಧ್ಯಾನದ ಪುಟ. ವಾಕ್ಯವನ್ನು ಬಿಟ್ಟು ಬರೀ ಕಥೆ ಹೇಳುವ ಪುಸ್ತಕವನ್ನು ಕೊಳ್ಳಬೇಡಿ.

ಮಾರ್ಕ ಮುಗಿದ ಮೇಲೆ ಲೂಕ. ಅಲ್ಲಿಂದ ನೇರವಾಗಿ ಅಪೊಸ್ತಲರ ಕೃತ್ಯಗಳಿಗೆ ಹೋಗಿ. ಎರಡೂ ಥೆಯೊಫಿಲನನ್ನು ಉದ್ದೇಶಿಸಿ ಬರೆದವು, ಒಂದರ ಮುಂದುವರಿಕೆ ಇನ್ನೊಂದು. ಆದಿಕಾಂಡವನ್ನು ಆಮೇಲೆ ಹಿಡಿಯಿರಿ. ಯಾಜಕಕಾಂಡಕ್ಕೆ ಬಂದಾಗ ಇಬ್ರಿಯರಿಗೆ ಬರೆದ ಪತ್ರದ 9 ಮತ್ತು 10ನೇ ಅಧ್ಯಾಯಗಳಿಗೆ ಒಂದು ದಾರ ಇಟ್ಟುಕೊಂಡು ಎರಡನ್ನೂ ಒಟ್ಟಿಗೆ ಓದಿ. ಆ ಯಜ್ಞವಿಧಿಗಳಿಗೂ ಕ್ರಿಸ್ತನ ಶಿಲುಬೆಗೂ ಏನು ಸಂಬಂಧವೆಂದು ಆ ಪತ್ರವೇ ಬಿಡಿಸಿ ಹೇಳುತ್ತದೆ.